ಆಲೆಮನೆಗೆ ಬಾಗಿಲಿಲ್ಲ

ಶಾಲೆಯ ಮಕ್ಕಳು ಜೀನತ್ ಮೇಡಮ್ಮಿಗೆ ‘ಎಲ್ಲಿಗೋಯ್ತು ಮೇಡಂ’ ಎಂದು ಅಡ್ಡಹೆಸರು ಇಟ್ಟಿದ್ದರು. ಮಕ್ಕಳು ಮೇಷ್ಟ್ರುಗಳಿಗೆ ಇಡುವ ಹೆಸರುಗಳ ಪೈಕಿ ಇದು ತೀರಾ ಮರ್ಯಾದಸ್ಥ ಹೆಸರು; ಅದೇ ಶಾಲೆಯ ಗಣಿತದ ಮೇಷ್ಟ್ರಿಗೆ ಇಟ್ಟಿರುವುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಶ್ರೀರಂಗಪಟ್ಟಣದಿಂದ ಅರಕೆರೆ ಬಸ್ಸು ಹಿಡಿದರೆ ದಾರಿಯಲ್ಲಿ ಸಿಗುವ ನಾಲೆ ಬದಿಯ ಊರುಗಳಲ್ಲಿ ಆ ಶಾಲೆಯ ಊರೂ ಒಂದು. ಊರಿನ ಹೆಸರು ಬೇಡ. ಹೇಳಿದರೆ ನಾಳೆ ಬೆಳಗಾಗುವುದರೊಳಗೆ ‘ನಮ್ಮೂರ ಬೆಲ್ಲದ ಮಾನ ಕಳೆದ್ರಿ’ ಎಂದು ನಾಲ್ಕು ಜನ ಬಂದು ಜಗಲಿ ಮೇಲೆ ಕೂತುಬಿಡುತ್ತಾರೆ.

ಆ ಅಡ್ಡಹೆಸರು ಬಂದದ್ದು ಅವಳ ಪಾಠದಿಂದ. ಹತ್ತನೇ ತರಗತಿಯ ಮಕ್ಕಳಿಗೆ ರಾಸಾಯನಿಕ ಕ್ರಿಯೆಯ ಪಾಠ ಶುರುವಾದ ದಿನ ಮೆಗ್ನೀಸಿಯಂ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಉರಿಸುತ್ತಾಳೆ. ಮಕ್ಕಳು ಆ ಬೆಳಕಿಗೆ ‘ಓ’ ಎಂದು ಬಾಯಿ ಬಿಟ್ಟಿರುವಾಗಲೇ ಕೇಳುತ್ತಾಳೆ, “ಬೆಳಕು ನೋಡಿದ್ರಿ. ಹೊಗೆ ಎಲ್ಲಿಗೆ ಹೋಯ್ತು?”

“ಮ್ಯಾಲಕ್ಕೋಯ್ತು ಮೇಡಂ.”

“ಮೇಲಕ್ಕೆ ಅಂದ್ರೆ ಎಲ್ಲಿಗೆ? ಅಲ್ಲಿ ಯಾರಾದ್ರೂ ಗೋಡೌನು ಕಟ್ಟಿಸಿದ್ದಾರಾ?”

ಪುಸ್ತಕದಲ್ಲಿ ಸಮೀಕರಣ ಬರೆದು, ನಡುವೆ ಬಾಣದ ಗುರುತು ಹಾಕಿ, ಬಾಣದಾಚೆ ಏನಾಯಿತೆಂದು ಬರೆದು ಮುಗಿಸಿರುತ್ತಾರೆ. ಜೀನತ್‌ಗೆ ಅಲ್ಲಿಂದಲೇ ಪಾಠ ಶುರು. ಒಲೆಯ ಹೊಗೆ ಎಲ್ಲಿಗೆ ಹೋಯಿತು, ಬಟ್ಟೆ ಒಗೆದ ನೊರೆ ಎಲ್ಲಿಗೆ ಹೋಯಿತು, ಗದ್ದೆಗೆ ಎರಚಿದ ಯೂರಿಯಾದಲ್ಲಿ ಪೈರು ತಿನ್ನದೆ ಬಿಟ್ಟದ್ದು ಎಲ್ಲಿಗೆ ಹೋಯಿತು. “ಯಾವುದೂ ಹೋಗಲ್ಲ ಮಕ್ಕಳೇ. ಬೇರೆಯವರ ಮನೆಗೆ ಹೋಗಿರುತ್ತೆ, ಅಷ್ಟೆ,” ಎನ್ನುತ್ತಾಳೆ.

ಈ ಪ್ರಶ್ನೆಯನ್ನು ಅವಳಿಗೆ ಕಾಲೇಜು ಕಲಿಸಲಿಲ್ಲ. ಅವಳ ಅಪ್ಪ ಇಮಾಮ್ ಸಾಬರು ಪಾತ್ರೆಗಳಿಗೆ ಕಲಾಯಿ ಹಾಕುವವರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಮನೆ. ಸೈಕಲ್ಲಿಗೆ ತಿದಿ, ಇದ್ದಿಲಿನ ಮೂಟೆ ಕಟ್ಟಿಕೊಂಡು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳನ್ನೆಲ್ಲ ಸುತ್ತಿದವರು. ಹಿತ್ತಾಳೆ ತಪ್ಪಲೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ಒಂದು ಚೂರು ತವರ ಸವರಿ ಅರಳೆಯಲ್ಲಿ ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿ ಬಣ್ಣ ಬರುತ್ತಿತ್ತು. ನವಸಾಗರ ಬಿದ್ದ ಗಳಿಗೆ ಭುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ಪುಟ್ಟ ಜೀನತ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ಅಬ್ಬಾ, ಹೊಗೆ ಎಲ್ಲಿಗೆ ಹೋಗುತ್ತೆ?” ಎಂದರೆ, “ಅಲ್ಲಾನ ಹತ್ರಕ್ಕೆ ಬೇಟಿ,” ಎಂದು ನಗುತ್ತಿದ್ದರು. ಅಲ್ಲಾನ ಹತ್ತಿರಕ್ಕೆ ಎಷ್ಟು ಹೋಯಿತೋ ಗೊತ್ತಿಲ್ಲ, ಬಹಳಷ್ಟು ಅವರ ಎದೆಯಲ್ಲೇ ಉಳಿಯಿತು. ಈಗ ಅವರು ಮಗಳ ಮನೆಯ ಹೊರಕೋಣೆಯಲ್ಲಿ ದಿಂಬಿಗೊರಗಿ ಕೂತಿರುತ್ತಾರೆ. ಮಳೆಗಾಲದಲ್ಲಿ ಅವರ ಕೆಮ್ಮು ಕೇಳಿದಾಗಲೆಲ್ಲ ಜೀನತ್‌ಗೆ ಆ ಬಿಳಿ ಹೊಗೆ ನೆನಪಾಗುತ್ತದೆ.

ಗಂಡ ಕಲೀಂ ಹೆದ್ದಾರಿ ಬದಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದಾನೆ. ಪಂಕ್ಚರ್ ಹಾಕುತ್ತಾನೆ, ಹೊಸ ಟೈರು ಮಾರುತ್ತಾನೆ. ಲಾರಿಗಳಿಂದ ಕಳಚಿದ ಸವೆದ ಟೈರುಗಳಿಗೆ ಹಳದಿ ಬಣ್ಣದಲ್ಲಿ ಒಂದು ಗೀಟು ಎಳೆದು ಅಂಗಡಿಯ ಹಿಂದೆ ಪೇರಿಸುತ್ತಾನೆ. ಆಗಾಗ ಗುಜರಿಯವರು ಬಂದು ಹೇರಿಕೊಂಡು ಹೋಗುತ್ತಾರೆ. ಒಳ್ಳೆಯ ಮನುಷ್ಯ. ಮಾವನ ಕೆಮ್ಮಿಗೆ ಬಿಸಿನೀರು ಕಾಯಿಸಿ ಕೊಡುವುದೂ ಅವನೇ.

ಆ ವರ್ಷದ ಹತ್ತನೇ ತರಗತಿಯಲ್ಲಿ ಅರ್ಪಿತ ಎಂಬ ಹುಡುಗಿ ಇದ್ದಳು, ಆಲೆಮನೆ ಶಿವಲಿಂಗಯ್ಯನ ಮಗಳು. ಮಾತು ಕಡಿಮೆ, ಕಣ್ಣು ಚುರುಕು. ಶ್ರಾವಣದ ಒಂದು ಬೆಳಿಗ್ಗೆ ತಾನಾಗಿ ಎದ್ದು ನಿಂತು ಕೇಳಿದಳು, “ಮೇಡಂ, ನಮ್ ಮನೆ ತಗಡೂ ಆಲೆಮನೆ ತಗಡೂ ಒಂದೇ ದಿವ್ಸ ತಂದಿದ್ದು. ಆಲೆಮನೇದು ಆಗ್ಲೇ ತೂತ್ ಬಿದ್ದು ಸೋರ್ತದೆ. ಮನೇದು ಅಂಗೇ ಅದೆ. ಯಾಕೆ?”

ಇಂಥ ಒಂದು ಪ್ರಶ್ನೆಗಾಗಿಯೇ ಮೇಷ್ಟ್ರುಗಳು ವರ್ಷಗಟ್ಟಲೆ ಸೀಮೆಸುಣ್ಣದ ಧೂಳು ಕುಡಿಯುವುದು. ಜೀನತ್‌ಗೆ ಆ ಹುಡುಗಿಯನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು. ಬೋರ್ಡಿನ ಮೇಲೆ ಒಲೆ ಬರೆದು, ಹೊಗೆ ಬರೆದು, ಮೋಡ ಬರೆದಳು. ಮಳೆ ಬಿದ್ದು ಕಬ್ಬಿನ ಸಿಪ್ಪೆ ಒಣಗದ ದಿನಗಳಲ್ಲಿ ಆಲೆಮನೆಯ ಒಲೆಗೆ ಹಳೇ ಟೈರು ಹಾಕುತ್ತಾರೆ; ಟೈರಿನಲ್ಲಿ ಗಂಧಕ ಇರುತ್ತದೆ; ಅದು ಉರಿದು ಅನಿಲವಾಗಿ ತೇವದ ಜೊತೆ ಸೇರಿದರೆ ಆಮ್ಲ; ಆ ಆಮ್ಲ ತಗಡನ್ನು ತಿನ್ನುತ್ತದೆ, ನಾಲೆಗೆ ಇಳಿಯುತ್ತದೆ, ಮನುಷ್ಯರ ಎದೆಗೂ ಇಳಿಯುತ್ತದೆ. ಇಷ್ಟಕ್ಕೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಖುಷಿಯ ಭರದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. “ಇದೇ ಅನಿಲ ಇನ್ನೊಂದು ಕಡೆಯೂ ಸಿಗುತ್ತೆ. ಬೆಲ್ಲ ಬೆಳ್ಳಗಾಗಲಿ ಅಂತ ಪಾಕಕ್ಕೆ ಹೈಡ್ರೋಸು ಪುಡಿ ಹಾಕ್ತಾರಲ್ಲ, ಅದರಿಂದ. ನಾಳೆ ಎಲ್ಲರೂ ನಿಮ್ಮ ನಿಮ್ಮ ಮನೆಯಿಂದ ಒಂದು ಚೂರು ಬೆಲ್ಲ ತನ್ನಿ, ನೋಡೋಣ.”

ಮರುದಿನ ಮಕ್ಕಳು ಬೆಲ್ಲ ತಂದರು. ಜೀನತ್ ಶಾಲೆಯ ಅಂಗಳದ ಗಿಡದಿಂದ ಕೆಂಪು ದಾಸವಾಳ ಕಿತ್ತು ತಂದಳು. ಬೆಲ್ಲ ಕರಗಿಸಿದ ನೀರನ್ನು ಪ್ರನಾಳಕ್ಕೆ ಸುರಿದು, ನಾಲ್ಕು ಹನಿ ಆಮ್ಲ ಬಿಟ್ಟು, ದೀಪದ ಮೇಲೆ ಬೆಚ್ಚಗೆ ಮಾಡಿ, ಅದರ ಬಾಯಿಗೆ ಒದ್ದೆ ಎಸಳು ಹಿಡಿಯುವುದು. ಪುಡಿ ಹಾಕಿದ ಬೆಲ್ಲವಾದರೆ ಗಂಧಕದ ಅನಿಲ ಎದ್ದು ಎಸಳು ಬಿಳಿಚಿಕೊಳ್ಳುತ್ತದೆ. ಇಲ್ಲದಿದ್ದರೆ ಕೆಂಪಾಗಿಯೇ ಉಳಿಯುತ್ತದೆ.

ಮುಂದಿನ ಬೆಂಚಿನ ಅನುವಿನ ಎಸಳು ಬಿಳಿಚಿತು. ಸಂತೋಷನದೂ ಬಿಳಿಚಿತು. ಒಬ್ಬೊಬ್ಬರದಾಗಿ ಎಲ್ಲರದೂ ಬಿಳಿಚಿ, ಉರಿದ ಬೆಂಕಿಕಡ್ಡಿಯ ವಾಸನೆ ಕೋಣೆಯಲ್ಲಿ ಸಣ್ಣಗೆ ಹರಡಿತು. ಕೊನೆಗೆ ಅರ್ಪಿತಳ ಸರದಿ. ಅವಳ ಬೆಲ್ಲ ಕಪ್ಪಗಿತ್ತು, ಹುಣಸೆಹಣ್ಣಿನ ಬಣ್ಣ. ಎಷ್ಟು ಹೊತ್ತು ಹಿಡಿದರೂ ಎಸಳು ಕೆಂಪಾಗಿಯೇ ಇತ್ತು.

ಜೀನತ್ ಆ ಪ್ರನಾಳವನ್ನು ಎತ್ತಿ ಎಲ್ಲರಿಗೂ ತೋರಿಸಿದಳು. “ನೋಡಿ, ಬೆಲ್ಲ ಅಂದ್ರೆ ಇದು! ಯಾವ ಆಲೆಮನೇದಮ್ಮ ಅರ್ಪಿತ?”

“ನಮ್ದೇ ಮೇಡಂ,” ಎಂದಳು ಹುಡುಗಿ, ಮುಖ ಅರಳಿಸಿಕೊಂಡು.

ಹಿಂದಿನ ಬೆಂಚಿನಿಂದ ಸಂತೋಷ್ ಎದ್ದ. “ನಮ್ಮನೇದೂ ಇವ್ರ್ ಆಲೆಮನೇದೇ ಮೇಡಂ.”

“ನಮ್ದೂವೆ,” ಎಂದಳು ಅನು.

ಆ ಊರಲ್ಲಿ ಇರುವುದು ಅದೊಂದೇ ಆಲೆಮನೆ. ಸಂತೋಷನ ತಲೆಯಲ್ಲಿ ಲೆಕ್ಕ ಕೂಡಿಬಂತು, ಬಂದದ್ದೇ ಬಾಯಿಗೂ ಬಂತು. “ಅಂಗಾರೆ ಇವ್ರ್ ತಿನ್ನಾದೇ ಬ್ಯಾರೆ, ನಮ್ಗೆ ಮಾರಾದೇ ಬ್ಯಾರೆ!”

ಅವನು ಚುಚ್ಚಬೇಕೆಂದು ಹೇಳಿದ್ದಲ್ಲ. ಉತ್ತರ ಹೊಳೆದ ಖುಷಿಗೆ ಹೇಳಿದ್ದು. ಆದರೆ ಅರ್ಪಿತ ಕೈಯಲ್ಲಿದ್ದ ಎಸಳನ್ನು ಮೇಜಿನ ಮೇಲಿಟ್ಟು, ಚೀಲ ತೆಗೆದುಕೊಂಡು, ಯಾರನ್ನೂ ನೋಡದೆ ಹೊರಟುಹೋದಳು. ಜೀನತ್ ಬಾಗಿಲವರೆಗೆ ಓಡಿ ಕೂಗಿದಳು. ಹುಡುಗಿ ತಿರುಗಲಿಲ್ಲ.

ಆಲೆಮನೆಗಳ ಸೀಮೆಯಲ್ಲಿ ಒಂದು ಪದ್ಧತಿ ಇದೆ; ಆಲೆಮನೆಯವರಿಗೆಲ್ಲ ಗೊತ್ತು, ಯಾರೂ ಹೊರಗೆ ಆಡುವುದಿಲ್ಲ. ಮಂಡಿಗೂ ಅಂಗಡಿಗೂ ಹೋಗುವ ಬೆಲ್ಲಕ್ಕೆ ಪುಡಿ ಬೀಳುತ್ತದೆ. ಮನೆಮಂದಿಗೆಂದು ಮಾತ್ರ ಒಂದು ಕೊಪ್ಪರಿಗೆ ಪಾಕವನ್ನು ಪುಡಿ ಹಾಕದೆ, ಬೆಂಡೆಯ ಲೋಳೆಯಲ್ಲಿ ಕೊಳೆ ತೆಗೆದು ಇಳಿಸಿ, ಗುಡಾಣದಲ್ಲಿ ತುಂಬಿಡುತ್ತಾರೆ. ಅದಕ್ಕೆ ಮನೆ ಬೆಲ್ಲ ಎನ್ನುತ್ತಾರೆ. ಮನೆ ಬೆಲ್ಲ ಕಪ್ಪಗೇ ಇರಬೇಕು, ಮಾರುವ ಬೆಲ್ಲ ಬೆಳ್ಳಗೇ ಇರಬೇಕು. ಹುಟ್ಟಿದಾಗಿನಿಂದ ನೋಡಿದ್ದರಿಂದ ಅರ್ಪಿತಳಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಎಲ್ಲರೂ ಮನೆಯಿಂದ ತರಬೇಕು ಎಂದರು, ಗುಡಾಣದಿಂದ ಒಂದು ಚೂರು ಮುರಿದುಕೊಂಡು ಬಂದಳು. ಜೀನತ್ ಪೇಟೆಯ ಹೆಣ್ಣು. ಕೇಳುವ ಮೊದಲು ಅವಳಿಗೆ ಅದು ಹೊಳೆಯಲಿಲ್ಲ.

ಸಂಜೆಯೊಳಗೆ ಮಾತು ಡೈರಿ ಮುಟ್ಟಿತು. ಹಾಲು ಹಾಕಲು ಬಂದ ಹೆಂಗಸರ ಬಾಯಿಗೆ ಬಿದ್ದ ಮಾತು ಊರು ಸುತ್ತುವುದಕ್ಕೆ ಎಷ್ಟು ಹೊತ್ತು? ಅರ್ಪಿತ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ವಾರ ಕಳೆಯುವ ಹೊತ್ತಿಗೆ ಸಂತೋಷ್ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. “ಅರ್ಪಿತ ಇನ್ ಬರಾಕಿಲ್ವಂತೆ ಮೇಡಂ. ಆ ಕ್ಲಾಸ್‌ಗೆ ಕಾಲೇ ಇಕ್ಕಕ್ಕಿಲ್ಲ ಅಂದವ್ಳಂತೆ. ನಾಗಮಂಗಲದಾಗೆ ಅವ್ರತ್ತೆ ಮನೆಗೆ ಕಳಿಸ್ತಾರಂತೆ. ಟೈಲರಿಂಗ್ ಕಲೀತಾಳಂತೆ.” ಆಮೇಲೆ ಕಣ್ಣು ಒರೆಸಿಕೊಂಡು, “ನಾನ್ ಸುಮ್ಕೆ ಯೋಳ್ದೆ ಮೇಡಂ,” ಎಂದ.

“ನೀನಲ್ಲ ಕಣೋ. ನಾನು,” ಎಂದಳು ಜೀನತ್.

ಹೊಲಿಗೆ ಕಲಿಯುವುದು ಕೀಳಲ್ಲ. ಆದರೆ ತಗಡಿನ ತೂತು ನೋಡಿ ಯಾಕೆಂದು ಕೇಳಿದ ಹುಡುಗಿ, ಎಸೆಸೆಲ್ಸಿ ವರ್ಷದಲ್ಲಿ, ನಾಚಿಕೆಗೆ ಹೆದರಿ ಊರು ಬಿಟ್ಟು ಹೋಗುವುದು ಅಂದರೆ? ಆ ಹುಡುಗಿ ಇನ್ನು ಜನ್ಮದಲ್ಲಿ ಒಂದು ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಏನಾಗುತ್ತದೆಂದು ನೋಡಿಯಾಯಿತಲ್ಲ. ಜೀನತ್‌ಗೆ ತನ್ನ ಮೇಲೆ ತಡೆಯಲಾಗದ ಸಿಟ್ಟು ಬಂತು.

ಆ ದಿನ ಮನೆಯಲ್ಲಿ ಅವಳು ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದನ್ನು ಇಮಾಮ್ ಸಾಬರು ನೋಡಿದರು. ಮನೆಯಲ್ಲಿ ಅವರದು ಉರ್ದು. ಹಳ್ಳಿಯ ಮಾತು ಬಂದರೆ ಮಾತ್ರ ತಾವಾಗಿ ಕನ್ನಡಕ್ಕೆ ಹೊರಳುತ್ತಿದ್ದರು. ಮಗಳು ಎಲ್ಲ ಹೇಳಿದ ಮೇಲೆ, “ಶಿವಲಿಂಗಯ್ಯ ಅಂದ್ರೆ ಚಿಕ್ಕಬೋರಮ್ಮನ ಮಗ ಅಲ್ವಾ?” ಎಂದರು. “ಅವ್ರ ಮನೆ ಪಾತ್ರೆಗೆಲ್ಲ ನಾನೇ ಕಲಾಯಿ ಹಾಕಿದ್ದು. ಹೋಗಿ ಮಾತಾಡ್ಕೊಂಡ್ ಬಾ.”

“ಮನೆಗೆ ಹೋದ್ರೆ ಬಾಗಿಲು ತೆಗೀತಾರಾ ಅಬ್ಬಾ? ಮುಖದ ಮೇಲೇ ಹಾಕ್ಕೊಳ್ತಾರೆ.”

ಸಾಬರಿಗೆ ಕೆಮ್ಮು ಒತ್ತರಿಸಿ ಬಂತು; ಜೀನತ್ ಬೆನ್ನು ಸವರಿದಳು. ಉಸಿರು ತಿರುಗಿದ ಮೇಲೆ ನಕ್ಕರು. “ಮನೆಗ್ ಯಾಕ್ ಹೋಗ್ತೀಯ ಬೇಟಿ? ಆಲೆಮನೆಗ್ ಹೋಗು. ಆಲೆಮನೆಗೆ ಬಾಗ್ಲೇ ಇಲ್ಲ. ಅಲ್ಲಿಗ್ ಬಂದೋರ್ನ ಬರಿಗೈಲಿ ಕಳಿಸೋ ಹಂಗಿಲ್ಲ, ಅದು ಅವ್ರ್ ಕಟ್ಟಳೆ. ದುಷ್ಮನ್ ಬಂದ್ರೂ ಬೆಲ್ಲ ಕೊಡ್ಲೇಬೇಕು. ನಿಂಗೆ ಸಣ್ಣೋಳಾಗಿದ್ದಾಗ ಬಾಳೆಲೇಲಿ ಸುತ್ಕೊಂಡ್ ಬಿಸಿ ಬೆಲ್ಲ ತರ್ತಿದ್ನಲ್ಲ, ಮತ್ತೆಲ್ಲಿಂದ ಅಂದ್ಕೊಂಡೆ?”

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಜೀನತ್ ಆಲೆಮನೆಗೆ ನಡೆದಳು. ಮಳೆ ಆಗಷ್ಟೇ ನಿಂತಿತ್ತು. ಗದ್ದೆ ಬಯಲಿನ ನಡುವೆ ನಾಲ್ಕು ಕಂಬ, ಮೇಲೆ ತೂತು ಬಿದ್ದ ತಗಡು. ಅಪ್ಪ ಹೇಳಿದಂತೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಚಿಮಣಿಯಿಂದ ಹೊಗೆ ಕಪ್ಪಗೆ ದಪ್ಪಗೆ ಏಳುತ್ತಿತ್ತು. ಅಗಲವಾದ ಕೊಪ್ಪರಿಗೆಯಲ್ಲಿ ಪಾಕ ಕೊತಕೊತ ಕುದಿಯುತ್ತಿತ್ತು. ಶಿವಲಿಂಗಯ್ಯ ಸೌಟಿನಲ್ಲಿ ಪಾಕ ಎತ್ತಿ ಹದ ನೋಡುತ್ತಿದ್ದವನು ತಲೆ ಎತ್ತಿದ. ಅವನ ತಾಯಿ ಚಿಕ್ಕಬೋರಮ್ಮ ಒಂದು ಪಕ್ಕದಲ್ಲಿ ಚಾಪೆ ಹಾಕಿ ಕೂತಿದ್ದಳು. ಅರ್ಪಿತ ಸಿಪ್ಪೆ ರಾಶಿಯ ಹಿಂದೆ ಅಚ್ಚುಗಳನ್ನು ತೊಳೆಯುತ್ತಿದ್ದಳು. ಮೇಡಂ ಬಂದದ್ದು ಕಂಡರೂ ಕಾಣದ ಹಾಗೆ ಮುಖ ತಗ್ಗಿಸಿದಳು.

“ಬನ್ನಿ ಮೇಡಮ್ಮೋರೆ,” ಎಂದ ಶಿವಲಿಂಗಯ್ಯ. ಮರ್ಯಾದೆ ಮಾತಿನಲ್ಲಿತ್ತು, ದನಿಯಲ್ಲಿರಲಿಲ್ಲ. “ಒಳ್ಳೆ ಪಾಠ ಯೋಳ್ಕೊಟ್ರಿ. ಊರೋರೆಲ್ಲ ನನ್ ಮಕ ನೋಡಿ ಉಗೀತಾವ್ರೆ. ನನ್ ಮಗ್ಳು ನನ್ ಜೊತೇಲಿ ಮಾತೇ ಬುಟ್ಬುಟ್ಟವ್ಳೆ. ಇನ್ನೇನ್ ಉಳಿದದೆ ಕಲ್ಸಾಕೆ?”

“ತಪ್ಪು ನನ್ನದು ಶಿವಲಿಂಗಯ್ಯನವರೆ. ಮಗುವನ್ನ ಶಾಲೆಗೆ ಕಳಿಸಿ.”

“ತಪ್ಪು ನಿಮ್ದೆಂಗಾಯ್ತದೆ? ಪುಡಿ ಆಕೋನ್ ನಾನು. ಆಸೆಗಾಕ್ತೀನಾ? ಮಂಡಿಗೆ ಕರಿ ಬೆಲ್ಲ ತಕ್ಕೊಂಡೋಗಿ ನೋಡಿ, ಕಣ್ಣೆತ್ತಿ ನೋಡಕ್ಕಿಲ್ಲ. ಪ್ಯಾಟೆಯೋರ್ಗೆ ಬೆಲ್ಲಾನೂ ಬೆಳ್ಳಗೇ ಇರ್ಬೇಕು.” ಸೌಟನ್ನು ಕೊಪ್ಪರಿಗೆಯ ಅಂಚಿಗೆ ಬಡಿದ. “ಟೈರ್ ಒಗೆ ಎಲ್ಲಿಗೋಯ್ತು, ಟೈರ್ ಒಗೆ ಎಲ್ಲಿಗೋಯ್ತು ಅಂತ ಮಕ್ಳಿಗ್ ಕೇಳ್ತೀರಂತಲ್ಲ. ಟೈರ್ ಎಲ್ಲಿಂದ ಬತ್ತದೆ ಅಂತ ಯಾವತ್ತಾರ ಕೇಳಿದ್ದೀರಾ? ಓಗಿ, ಒಲೆ ತಾವ್ ನೋಡಿ.”

ಜೀನತ್ ಒಲೆಯ ಬಾಯಿಯ ಕಡೆ ತಿರುಗಿದಳು. ಕತ್ತರಿಸಿದ ಟೈರುಗಳ ಗುಡ್ಡೆ ಬಿದ್ದಿತ್ತು. ಮೇಲಿನ ತುಂಡಿನ ಮೇಲೆ ಹಳದಿ ಗೀಟು. ಅದರ ಕೆಳಗಿನದರ ಮೇಲೂ ಹಳದಿ ಗೀಟು.

“ನಿಮ್ ಯಜಮಾನ್ರ ಅಂಗ್ಡಿ ಇಂದ್ಲಿಂದಾನೇ ಗುಜ್ರಿಯೋನು ಏರ್ಕೊಂಡ್ ಬಂದು ನಮ್ಗಾಕ್ತಾನೆ,” ಎಂದ ಶಿವಲಿಂಗಯ್ಯ. “ಪುರಾಣ ಯೋಳಾಕೆ, ಬದ್ನೇಕಾಯ್ ತಿನ್ನಾಕೆ.”

ಜೀನತ್‌ಗೆ ಕಿವಿ ಬಿಸಿಯಾಯಿತು. ಊರಿನ ಹೊಗೆಯನ್ನೆಲ್ಲ ಬೆನ್ನಟ್ಟಿ ಹೋಗಿ ಕೇಳಿದವಳು ತನ್ನ ಮನೆಯ ಅನ್ನದ ತಟ್ಟೆಯ ಮುಂದೆ ಒಂದು ದಿನವೂ ಆ ಪ್ರಶ್ನೆ ಕೇಳಿರಲಿಲ್ಲ. ಗುಜರಿಗೆ ಹೋಯಿತು ಅಂದರೆ ಮುಗಿಯಿತು ಅಂದುಕೊಂಡಿದ್ದಳು. ಮಕ್ಕಳು ‘ಮ್ಯಾಲಕ್ಕೋಯ್ತು’ ಎಂದು ಹೇಳುತ್ತಾರಲ್ಲ, ಹಾಗೆಯೇ. ಒಂದು ಗಳಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಆ ಕ್ಷಣವೇ, ಅರ್ಪಿತ ಚೀಲ ಎತ್ತಿಕೊಂಡು ಹೋದದ್ದು ಯಾಕೆಂದು ಅವಳಿಗೆ ಮೈಯಲ್ಲೇ ಅರ್ಥವಾಯಿತು. ನಮ್ಮ ಮನೆಯದು ಅಂತ ಎಲ್ಲರೆದುರು ಗೊತ್ತಾಗುವುದು ಹೀಗಿರುತ್ತದೆ.

“ನಂಗೆ ಗೊತ್ತಿರ್ಲಿಲ್ಲ,” ಎಂದಳು ಮೆಲ್ಲಗೆ. “ಗೊತ್ತು ಮಾಡ್ಕೊಳ್ಳೋಕೂ ಹೋಗಿರ್ಲಿಲ್ಲ.”

ಜಗಳಕ್ಕೆ ಸಿದ್ಧನಾಗಿದ್ದ ಶಿವಲಿಂಗಯ್ಯ ಎತ್ತಿದ ಸೌಟನ್ನು ಕೆಳಗಿಳಿಸಿದ. ಅಷ್ಟರಲ್ಲಿ ಚಿಕ್ಕಬೋರಮ್ಮ ಚಾಪೆಯಿಂದಲೇ ಗದರಿದಳು. “ಏನ್ಲಾ ಅದು, ಆಲೆಮನೆಗ್ ಬಂದೋರ್ನ ನಿಲ್ಸ್ಕೊಂಡು ಪುರಾಣ? ಬೆಲ್ಲ ಕೊಡ್ಲಾ ಮೊದ್ಲು. ಕಲಾಯಿ ಸಾಬ್ರ ಮಗ್ಳು ಕಣ್ಲಾ ಅದು. ನಮ್ಮನೆ ತಪ್ಪಲೇಲಿ ಇವತ್ತೂ ಮಕ ಕಾಣ್ತದೆ, ಅಂಗೆ ಆಕ್ಕೊಟ್ಟವ್ರೆ ಅವ್ರಪ್ಪ.”

ಶಿವಲಿಂಗಯ್ಯ ಮೂಲೆಯ ಗುಡಾಣದ ಕಡೆ ಹೊರಟ. ಅದರಲ್ಲಿರುವುದು ಮನೆ ಬೆಲ್ಲ ಎಂದು ಜೀನತ್‌ಗೆ ಈಗ ಯಾರೂ ಹೇಳಬೇಕಾಗಿರಲಿಲ್ಲ. “ಅದು ಬೇಡ,” ಎಂದಳು. “ಕೊಪ್ಪರಿಗೇದೇ ಕೊಡಿ. ನನ್ನ ಮಕ್ಕಳೆಲ್ಲ ತಿನ್ನೋದು ಅದನ್ನೇ ತಾನೇ?”

“ಅದ್... ಬ್ಯಾಡಿ ಮೇಡಮ್ಮೋರೆ. ಈಗ್ತಾನೆ ಪುಡಿ ಬಿದ್ದದೆ.” ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಅವನು ಬಾಯಿ ಮುಚ್ಚಿಕೊಂಡ. ಚಿಕ್ಕಬೋರಮ್ಮ ಮಗನನ್ನೇ ನೋಡುತ್ತಿದ್ದಳು. ಕಟ್ಟಳೆ ಮುರಿಯುವ ಹಾಗಿಲ್ಲ, ಬಂದವರು ಕೇಳಿದ್ದನ್ನು ಇಲ್ಲ ಅನ್ನುವ ಹಾಗಿಲ್ಲ. ಕೊನೆಗೆ ಸೌಟಿನ ತುದಿಯಲ್ಲಿ ಗಟ್ಟಿಯಾಗುತ್ತಿದ್ದ ಹೊಂಬಣ್ಣದ ಪಾಕವನ್ನು ಒಂದು ತುಂಡು ಬಾಳೆಲೆಗೆ ಬಳಿದು, ನೆಲ ನೋಡುತ್ತಾ ಚಾಚಿದ.

ಜೀನತ್ ಎಲೆ ತೆಗೆದುಕೊಂಡಳು. ಊದಿ ಆರಿಸಿ ಬೆರಳಲ್ಲಿ ಒಂದು ಚೂರು ಎತ್ತಿ ಬಾಯಿಯ ಹತ್ತಿರ ತಂದಳು.

“ತಿನ್ಬ್ಯಾಡಿ ಮೇಡಂ!”

ಅರ್ಪಿತ ಕೈಯಲ್ಲಿದ್ದ ಅಚ್ಚು ಎಸೆದು ಓಡಿಬಂದು ಅವಳ ಮಣಿಕಟ್ಟು ಹಿಡಿದಿದ್ದಳು. ಹುಡುಗಿಯ ಕೈ ತಣ್ಣಗೆ, ಒದ್ದೆಯಾಗಿತ್ತು. ಬಹಳ ದಿನ ಕಟ್ಟಿಟ್ಟದ್ದೆಲ್ಲ ಕಣ್ಣಲ್ಲಿ ಇಳಿಯಲು ಶುರುವಾಯಿತು. “ನಂಗೊತ್ತಿರ್ಲಿಲ್ಲ ಮೇಡಂ. ದೇವ್ರಾಣೆ ನಾನ್ ಅಂಗಂದ್ಕೊಂಡು ತಂದಿರ್ಲಿಲ್ಲ.”

“ನಂಗೂ ಗೊತ್ತಿರ್ಲಿಲ್ಲ ಕಣೆ,” ಎಂದಳು ಜೀನತ್. ಎಲೆ ಕೆಳಗಿಟ್ಟು ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. “ಆ ಗುಡ್ಡೇಲಿ ಹಳದಿ ಗೀಟು ಇದೆಯಲ್ಲ, ಅದೆಲ್ಲ ನಮ್ಮ ಮನೇದು. ಆವತ್ತು ನಿಮ್ಮ ಮನೇದು ಪರೀಕ್ಷೆ ಆಯ್ತು. ಸೋಮವಾರ ನಮ್ಮ ಮನೇದು. ಎಲ್ಲರ ಎದುರಿಗೇ ಮಾಡ್ತೀನಿ. ಎಸಳು ಹಿಡಿಯೋಕೆ ನೀನು ಬಾ.”

ಹುಡುಗಿ ಮುಖ ಒರೆಸಿಕೊಂಡು, ಎಸೆದ ಅಚ್ಚನ್ನು ಎತ್ತಿಕೊಳ್ಳಲು ಹೋದಳು. ಚಿಕ್ಕಬೋರಮ್ಮ ಎದ್ದು ಬಂದು ಗುಡಾಣದಿಂದ ಕಪ್ಪು ಬೆಲ್ಲ ಮುರಿದು ಜೀನತ್‌ಳ ಸೆರಗಿಗೆ ಕಟ್ಟಿದಳು. “ನಿಮ್ಮಪ್ಪಂಗ್ ಕೊಡವ್ವ. ಕೆಮ್ಮಿಗೆ ಒಳ್ಳೇದು.” ಶಿವಲಿಂಗಯ್ಯ ಕೊಪ್ಪರಿಗೆಯ ಕಡೆ ಮುಖ ಮಾಡಿ ನಿಂತಿದ್ದ.

ಸಂಜೆ ಅವಳು ಮನೆಗೆ ಹೋಗದೆ ನೇರ ಕಲೀಂನ ಅಂಗಡಿಗೆ ಹೋದಳು. “ರೀ, ಈ ಟೈರುಗಳು ಎಲ್ಲಿಗೆ ಹೋಗ್ತವೆ?”

“ಗುಜರಿಗೆ.”

“ಅಲ್ಲಿಂದ?”

“ಇದೇನ್ ಜೀನತ್, ನಾನೇನ್ ನಿನ್ ಹತ್ತನೇ ಕ್ಲಾಸಾ?” ಎಂದು ಕಲೀಂ ನಕ್ಕ. ಹೆಂಡತಿ ನಗದೆ ನಿಂತದ್ದು ನೋಡಿ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. ಅವಳು ಕಂಡದ್ದನ್ನು ಹೇಳಿದಳು. ಅವನು ಕಪ್ಪು ಕೈಗಳನ್ನು ಬಟ್ಟೆಗೆ ಒರೆಸುತ್ತಾ ಟೈರಿನ ರಾಶಿಯ ಹತ್ತಿರ ಹೋದ. ಒಲೆಗೆ ಹೋಗುವುದು ಅವನಿಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತು ಮಾಡಿಕೊಂಡಿರಲಿಲ್ಲ. ಆಮೇಲೆ ಚಾಕು ತೆಗೆದುಕೊಂಡು ಹಳದಿ ಗೀಟು ಇರುವ ಕಡೆಯೇ ಒಂದು ಸಣ್ಣ ಚೂರು ಕೊಯ್ದು ಅವಳ ಕೈಗೆ ಕೊಟ್ಟ. “ತಗೊಂಡ್ ಹೋಗು. ಮಕ್ಕಳಿಗ್ ನನ್ ಹೆಸ್ರೂ ಹೇಳು. ಬೇರೆ ಯಾರಾದ್ರೂ ತಗೊಳ್ತಾರಾ ವಿಚಾರಿಸ್ತೀನಿ.”

ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಅರ್ಪಿತ ಇರಲಿಲ್ಲ. ಜೀನತ್ ಮತ್ತೆ ಮತ್ತೆ ಗೇಟಿನ ಕಡೆ ನೋಡಿದಳು. ಮೊದಲ ಪೀರಿಯಡ್ಡಿಗೆ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಬಂದು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ದೂರ ನಿಲ್ಲಿಸಿದಳು. ಟೈರಿನ ಚೂರನ್ನು ಎತ್ತಿ ತೋರಿಸಿದಳು. “ಇದು ನಮ್ಮ ಯಜಮಾನ್ರು ಕಲೀಂ ಅವರ ಅಂಗಡೀದು. ಅಂದ್ರೆ ನಮ್ಮ ಮನೇದು. ಅರ್ಪಿತಳ ಅಪ್ಪನ ಒಲೆಗೆ ಹೋಗೋದು ಇದೇ.” ದನಿ ನಡುಗದಂತೆ ಹೇಳಬೇಕೆಂದು ಎರಡು ದಿನದಿಂದ ಅಂದುಕೊಂಡಿದ್ದಳು. ನಡುಗಿತು. ಮಕ್ಕಳು ಯಾರೂ ನಗಲಿಲ್ಲ.

ಕಬ್ಬಿಣದ ಸೌಟಿನಲ್ಲಿ ಚೂರು ಇಟ್ಟು ಉರಿ ಹಚ್ಚಿದಳು. ಕಪ್ಪು ಹೊಗೆ ಎದ್ದಿತು. “ಎಸಳು ಯಾರು ಹಿಡೀತೀರಿ?”

ಸಂತೋಷ್ ಮುಂದೆ ಬರಲು ಹೊರಟವನು ನಿಂತುಬಿಟ್ಟ. ಅವನು ಗೇಟಿನ ಕಡೆ ನೋಡುತ್ತಿದ್ದ.

ಅರ್ಪಿತ ಬರುತ್ತಿದ್ದಳು. ಒಂದು ಕೈಯಲ್ಲಿ ಮುಚ್ಚಳ ಹಾಕಿದ ಹಿತ್ತಾಳೆ ಡಬ್ಬಿ, ಇನ್ನೊಂದು ಕೈಯಲ್ಲಿ ತಮ್ಮ ಮನೆಯ ಗಿಡದ ಕೆಂಪು ದಾಸವಾಳ. ಯಾರನ್ನೂ ನೋಡದೆ ನೇರ ಬಂದು ಡಬ್ಬಿ ಕೆಳಗಿಟ್ಟಳು. ಒಂದು ಎಸಳು ಕಿತ್ತು, ಒದ್ದೆ ಮಾಡಿ, ಇಕ್ಕಳದಲ್ಲಿ ಕಚ್ಚಿಸಿ, ಮೂಗಿಗೆ ದುಪಟ್ಟಾ ಒತ್ತಿಕೊಂಡು ಹೊಗೆಗೆ ಹಿಡಿದಳು. ಎಸಳಿನ ಅಂಚು ಮೊದಲು ಬಿಳಿಚಿತು, ನಿಧಾನವಾಗಿ ನಡುವೂ ಬಿಳಿಚಿತು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಲೆ ಎತ್ತಿದಳು.

“ಮೇಡಂ, ನಿಮ್ದೂ ಬೆಳ್ಳಗಾಯ್ತು.”

“ಆಯ್ತು ಕಣಮ್ಮ,” ಎಂದಳು ಜೀನತ್. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಹೊಗೆಗೆ ಎಂದು ಮಕ್ಕಳು ತಿಳಿದಿರಬಹುದು. ಯಾರೋ ಕಿಸಕ್ಕೆಂದರು, ಅರ್ಪಿತ ನಕ್ಕಳು, ಆಮೇಲೆ ಎಲ್ಲರೂ ನಕ್ಕರು.

ಉರಿ ಆರಿಸಿದ ಮೇಲೆ ಅರ್ಪಿತ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆಲ್ಲ ಕಲಾಯಿ ಹೊಳೆಯುತ್ತಿತ್ತು, ಅದರ ತುಂಬ ಕಪ್ಪು ಬೆಲ್ಲ. ಸಂತೋಷ್ ಬಗ್ಗಿ ನೋಡಿ, ನಾಲಿಗೆ ಕಚ್ಚಿಕೊಂಡು ಸುಮ್ಮನಾದ. ಅವನು ಕೇಳದೆ ಬಿಟ್ಟದ್ದಕ್ಕೆ ಅರ್ಪಿತಳೇ ಉತ್ತರ ಹೇಳಿದಳು.

“ಮನೇದಲ್ಲ ಕಣ್ಲಾ. ಕೊಪ್ಪರಿಗೇದೇ. ನಿನ್ನೆ ಅಪ್ಪ ಪುಡಿ ಆಕ್ದೆ ಇಳಿಸ್ತು. ಊರೋರ್ಗೆ ಇನ್ಮ್ಯಾಲೆ ಇದೇ ಅಂತೆ.” ಜೀನತ್‌ಳ ಕಡೆ ತಿರುಗಿ ದನಿ ತಗ್ಗಿಸಿದಳು. “ಮಂಡಿ ಲಾರೀಗ್ ಏರೋದು ಮಾತ್ರ ಇನ್ನೂ ಬೆಳ್ಳಗೇ ಅದೆ ಮೇಡಂ.”

ಜೀನತ್‌ಗೆ ಇಷ್ಟೇ ದೊಡ್ಡದು ಅನ್ನಿಸಿತು, ಇಷ್ಟು ಸಾಲದು ಎಂದೂ ಅನ್ನಿಸಿತು. ಸಂತೋಷ್ ಆಗಲೇ ಕೈ ಒಡ್ಡಿದ್ದ, ಅವನ ಹಿಂದೆ ಅನು. ಅರ್ಪಿತ ಬೆಲ್ಲ ಮುರಿದು ಒಬ್ಬೊಬ್ಬರ ಕೈಗೆ ಹಾಕುತ್ತಾ ತಲೆ ಎತ್ತದೆ ಮುಂದುವರಿಸಿದಳು.

“ಆ ಲಾರಿ ಎಲ್ಲಿಗೋಯ್ತದೆ ಅಂತ ಅಪ್ಪನ್ನ ಕೇಳಿವ್ನಿ ಮೇಡಂ. ಇನ್ನೂ ಯೋಳಿಲ್ಲ. ನಾಳೇನೂ ಕೇಳ್ತೀನಿ.”